ನಾಲ್ಕು ಗೇರು, ಐದು ಗೇರು ಮತ್ತು ಒಂದು ತಂಬಿಗೆ ಮಜ್ಜಿಗೆ

ಗೇರಿನ ವಿಷಯವನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿದವನು ನಾನು. ಯಾರು ಏನೇ ಅಂದರೂ "ಪುರಾವೆ ಏನೈತಿ?" ಎಂದು ಕೇಳದೆ ನಂಬುವವನಲ್ಲ. ಜಮಖಂಡಿಯ ನಮ್ಮ ಓಣಿಯವರು ಇದೇ ಕಾರಣಕ್ಕೆ ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಾರೆ.

ನನ್ನ ಹೆಂಡತಿ ಸುಮಿತ್ರಾ ಬನಹಟ್ಟಿಯ ಶಾಲೆಯೊಂದರಲ್ಲಿ ಹೆಡ್ ಟೀಚರ್. ದಿನಾ ಬಸ್ಸಿನಲ್ಲಿ ನಿಂತು ಹೋಗಿ, ನಿಂತು ಬಂದು, ಅವಳ ಎಡ ಮೊಣಕಾಲು ಮುನಿಸಿಕೊಂಡಿತು. ನಮ್ಮ ಹಳೇ ಕಾರನ್ನು ಅವಳು ನನಗಿಂತ ಚೆನ್ನಾಗಿ ಓಡಿಸುತ್ತಾಳೆ. (ಇದಕ್ಕೆ ಪುರಾವೆ ಇಲ್ಲ ಎಂದು ಆಗ ನಂಬಿದ್ದೆ.) ಆದರೆ ಡಾಕ್ಟರು, "ಬಸ್ಸಿನ್ಯಾಗ ನಿಲ್ಲೂದು ಬಂದ್, ಕ್ಲಚ್ ತುಳಿಯೂದೂ ಬಂದ್" ಎಂದುಬಿಟ್ಟರು. ಉಳಿದ ದಾರಿ ಎರಡು: ಕ್ಲಚ್ಚಿಲ್ಲದ ಕಾರು, ಇಲ್ಲವೇ ನೌಕರಿಗೆ ರಾಜೀನಾಮೆ.

"ನೌಕರಿ ಬಿಟ್ಟು ದಿನಪೂರ್ತಿ ನಿಮ್ಮ ಪುರಾವೆ ಕೇಳ್ಕೋತ ಮನ್ಯಾಗ ಕುಂದ್ರಾಕ ನನ್ನ ಕಡೆ ಆಗೂದಿಲ್ಲ" ಎಂದಳು. ಹೀಗಾಗಿ ಕಾರು.

ಮುಧೋಳದ ಹಳೇ ಗಾಡಿ ವ್ಯಾಪಾರಿಯೊಬ್ಬನ ಹತ್ತಿರ ಎರಡು ಸಣ್ಣ ಆಟೊಮೆಟಿಕ್ ಕಾರುಗಳಿವೆ ಎಂದು ಸುದ್ದಿ ತಂದವನು ಸುಮಿತ್ರಾಳ ತಮ್ಮ ಬಸು. ಒಂದಕ್ಕೆ ನಾಲ್ಕು ಗೇರು, ಇನ್ನೊಂದಕ್ಕೆ ಐದು. ಸಂಜೆ ಬೀಳಗಿಯಿಂದ ಬೇರೆ ಗಿರಾಕಿ ಬರುವವನಿದ್ದ. ಅಷ್ಟರೊಳಗೆ ನಾವು ಆರಿಸಬೇಕು.

"ಐದು ಗೇರಿಂದs ತಗೊಳ್ರಿ ಮಾವಾರ. ನಾಕಕ್ಕಿಂತ ಐದು ಜಾಸ್ತಿ ಹೌದಿಲ್ಲೋ?" ಎಂದ ಬಸು.

"ಜಾಸ್ತಿ ಇದ್ದದ್ದು ಛಲೋ ಅನ್ನಾಕ ಪುರಾವೆ ಏನೈತಿ?"

ಬಸು ಆಚೆ ಬದಿಗೆ ದಾಟಲು ರಸ್ತೆ ಹುಡುಕಿದ. ನಾವು ಮನೆಯೊಳಗಿದ್ದೆವು.

ನಾನು ವೈಜ್ಞಾನಿಕ ಪರೀಕ್ಷೆಯೊಂದನ್ನು ಘೋಷಿಸಿದೆ. ಬಸು ತುಂಬಿದ ತಂಬಿಗೆ ಮಜ್ಜಿಗೆ ಹಿಡಿದು ಮುಂದಿನ ಸೀಟಿನಲ್ಲಿ ಕೂಡತಕ್ಕದ್ದು. ಗೇರು ಬದಲಾಗುವಾಗ ಕಾರು ಜಗ್ಗಿದರೆ ಮಜ್ಜಿಗೆ ತುಳುಕತಕ್ಕದ್ದು. ಯಾವ ಕಾರಿನಲ್ಲಿ ತುಳುಕುವುದಿಲ್ಲವೋ ಅದೇ ಸುಮಿತ್ರಾಳ ಕಾರು.

"ನೀರು ತಗೊಂಡ್ರ ಆಗೂದಿಲ್ಲೇನ್ರಿ ಮಾವಾರ?"

"ನೀರು ಆರಿ ಹೋಗ್ತೈತಿ. ಪುರಾವೆ ಉಳಿಯೂದಿಲ್ಲ!"

"ಅಲ್ರೀ, ಗಾಡಿ ಓಡಸಾಕಿ ನಾನು," ಎಂದಳು ಸುಮಿತ್ರಾ. "ನಾನs ಓಡಿಸಿ ನೋಡ್ತೇನಲ್ಲ?"

"ಗಾಡಿ ನಿನಗ ಬೇಕಾಗೇತಿ. ಗರಜಿದ್ದವರ ತೀರ್ಪು ವಿಜ್ಞಾನಕ್ಕ ನಡಿಯೂದಿಲ್ಲ."

ಅವಳು ವಾದ ಬಿಟ್ಟು, ಮುಧೋಳಕ್ಕೆ ಹೊರಟ ನಮ್ಮ ಹಳೇ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತಳು. ಇಪ್ಪತ್ತು ವರ್ಷ ಸಂಸಾರ ಮಾಡಿದವನಿಗೆ ಅದರ ಅರ್ಥ ಆಗಬೇಕಿತ್ತು.

ವ್ಯಾಪಾರಿಯ ಅಂಗಳದಲ್ಲಿ ಎರಡೂ ಕಾರುಗಳು ಬೆಳ್ಳಗೆ, ಗುಂಡಗೆ, ಅವಳಿ ಮಕ್ಕಳಂತೆ ನಿಂತಿದ್ದವು. "ಎಡಗಾಲಿಗೆ ಕೆಲಸಿಲ್ರಿ ಸಾಹೇಬ್ರ, ಅದನ್ನ ಹಿಂದ ಮಡಚಿ ಇಡ್ರಿ" ಎಂದು ವ್ಯಾಪಾರಿ ಕೀಲಿ ಕೊಟ್ಟ. ನಾನು ವಿಧೇಯ ವಿದ್ಯಾರ್ಥಿಯಂತೆ ಎಡಗಾಲನ್ನು ಸೀಟಿನ ಕೆಳಗೆ ಮಡಚಿಟ್ಟೆ.

ಸಮೀರವಾಡಿ ರಸ್ತೆ ಹಿಡಿದೆವು. ಕಬ್ಬಿನ ಹಂಗಾಮು. ಊರು ದಾಟಿದ್ದೇ ತಡ, ಎರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರೊಂದು ದಾರಿ ತುಂಬ ಹರಡಿಕೊಂಡು ಹೊರಟಿತ್ತು. ಟ್ರಾಲಿಯ ಹಿಂದೆ ಎತ್ತಿನ ಗತಿಯಲ್ಲಿ ನಮ್ಮ ಮೆರವಣಿಗೆ. ಕಬ್ಬಿನ ಟ್ರಾಲಿ ಕಂಡರೆ ಈ ಭಾಗದ ಯಾವ ಗಂಡಸಿಗೂ ಕೈ ಸುಮ್ಮನಿರುವುದಿಲ್ಲ. ಎದುರಿನಿಂದ ಬಂದ ಇನ್ನೊಂದು ಟ್ರಾಲಿ ನಮ್ಮ ಪಕ್ಕ ನಿಂತಾಗ ಹಿಂದಿನ ಸೀಟಿನ ಕಿಟಕಿಯಿಂದ ಸುಮಿತ್ರಾಳೇ ಒಂದು ಜಲ್ಲೆ ಹಿರಿದಳು! ಕಾರು ಎರಡನೇ ಗೇರು ದಾಟಿತೋ ಇಲ್ಲವೋ ದೇವರೇ ಬಲ್ಲ. ಮಜ್ಜಿಗೆ ಒಂದು ಹನಿ ತುಳುಕಲಿಲ್ಲ.

"ನಾಲ್ಕು ಗೇರು: ಪಾಸ್!" ಎಂದು ಘೋಷಿಸಿದೆ.

ತಿರುಗಿ ಬಂದು ಎರಡನೇ ಕಾರು ಹತ್ತಿದೆವು. ಅಷ್ಟರಲ್ಲಿ ನಾನು ಆಟೊಮೆಟಿಕ್ ಪಂಡಿತನಾಗಿದ್ದೆ. ಪಂಡಿತನ ಎಡಗಾಲು ಸೀಟಿನ ಕೆಳಗಿನಿಂದ ಯಾವಾಗ ಮುಂದೆ ಬಂದಿತೋ ಪಂಡಿತನಿಗೇ ಗೊತ್ತಾಗಲಿಲ್ಲ. ಈ ಸಲ ದಾರಿ ಖಾಲಿ. ಕಾರು ಹುರುಪಿನಿಂದ ಓಡಿತು. ತಿರುವಿನಲ್ಲಿ ಮತ್ತೆ ಕಬ್ಬಿನ ಟ್ರಾಲಿ! ನಾನು ಎಂದಿನಂತೆ ಕ್ಲಚ್ ತುಳಿದೆ.

ಆ ಕಾರಿಗೆ ಕ್ಲಚ್ಚಿನ ಪೆಡಲ್ ಇರಲಿಲ್ಲ. ನನ್ನ ಎಡಗಾಲು ಅಷ್ಟು ಭಕ್ತಿಯಿಂದ ತುಳಿದದ್ದು ಬ್ರೇಕು.

ಕಾರು ನಿಂತಿತು. ಮಜ್ಜಿಗೆ ನಿಲ್ಲಲಿಲ್ಲ. ಬಸುವಿನ ಎದೆ, ತೊಡೆ, ಮೀಸೆ ಎಲ್ಲ ಕಡೆ ಪುರಾವೆ!

"ಕಂಡ್ಯಾ?" ಎಂದೆ ವಿಜಯೋತ್ಸಾಹದಿಂದ. "ಐದು ಗೇರಿಂದು ಹೆಂಗ ಒದಿತೈತಿ! ಒಂದು ಗೇರು ಜಾಸ್ತಿ, ಒಂದು ಒದಿಕೀನೂ ಜಾಸ್ತಿ!"

"ಮಾವಾರ," ಬಸು ಮೀಸೆ ಒರೆಸಿಕೊಂಡ, "ಇನ್ನ ಮ್ಯಾಲೆ ಬಸ್ಸಿನ್ಯಾಗs ಬರ್ತೇನಿ."

ಅಂಗಳಕ್ಕೆ ಬಂದು ನನ್ನ ತೀರ್ಪನ್ನು ಗಂಭೀರವಾಗಿ ಓದಿದೆ: ನಾಲ್ಕು ಗೇರು ಉತ್ತಮ, ಐದು ಗೇರು ಅಪಾಯಕಾರಿ. ವ್ಯಾಪಾರಿ ತಲೆ ಕೆರೆದುಕೊಂಡ.

"ಸಾಹೇಬ್ರ, ಮೊದಲ ತಗೊಂಡು ಹೋಗಿದ್ರೆಲ್ಲ, ಅದs ಐದು ಗೇರಿಂದು. ಈಗ ಒದಿತು ಅಂದದ್ದು ನಾಕು."

ಎರಡು ಬಿಳಿ ಕಾರುಗಳ ನಡುವೆ ನಿಂತು ನನ್ನ ಎಂ.ಎಸ್ಸಿ. ಬೆವರಿತು. ಮೊದಲು ಹತ್ತಿದ್ದು ಬಾಗಿಲ ಹತ್ತಿರದ್ದೋ, ಬೇವಿನ ಗಿಡದ ಕೆಳಗಿನದೋ? ಬೆಳಿಗ್ಗೆ ಬೇವಿನ ಗಿಡ ಅಲ್ಲಿತ್ತೋ ಇಲ್ಲವೋ ಎಂಬುದೂ ಸಂಶಯವಾಯಿತು.

"ಹಂಗಾದ್ರ... ಐದು ಗೇರು ಪಾಸ್," ಎಂದೆ ಮೆಲ್ಲಗೆ. "ನಾಲ್ಕು ಅಪಾಯಕಾರಿ. ಫಲಿತಾಂಶ ತಿರುವಿ ಹಾಕಿದ್ರಾತು."

"ರೀ," ಅಲ್ಲಿತನಕ ಕಬ್ಬು ಸಿಗಿಯುತ್ತಿದ್ದ ಸುಮಿತ್ರಾ ಬಾಯಿ ತೆರೆದಳು, "ಒದ್ದದ್ದು ನಾಕೂ ಅಲ್ಲ, ಐದೂ ಅಲ್ಲ. ನಿಮ್ಮ ಎಡಗಾಲು. ಹಿಂದ ಕುಂತು ನೋಡೇನಿ. ಈಗ ತಂಬಿಗಿ ತುಂಬ್ರಿ."

ಬಸು ತಂಬಿಗೆ ಮುಟ್ಟಲು ಒಪ್ಪಲಿಲ್ಲ. ಅದು ನನ್ನ ಕೈಗೆ ಬಂತು. ವ್ಯಾಪಾರಿಯ ಮನೆಯಿಂದ ಮಜ್ಜಿಗೆಯೂ ಬಂತು. ಸುಮಿತ್ರಾ ನೋವಿನ ಕಾಲನ್ನು ಆರಾಮಾಗಿ ಬದಿಗೆ ಚಾಚಿಟ್ಟು, ಒಂದೇ ಕಾಲಿನಲ್ಲಿ ಎರಡೂ ಕಾರುಗಳನ್ನು ಓಡಿಸಿದಳು. ಐದು ಗೇರಿನದು ಗೇರು ಬದಲಿಸುವಾಗೊಮ್ಮೆ ಉಸಿರು ಹಿಡಿದು ನಮ್ಮ ತಲೆಗಳನ್ನು ಅಲ್ಲಾಡಿಸಿತು. ನಾಲ್ಕು ಗೇರಿನದು ಎಂಜಿನ್ನಿನಲ್ಲಿ ತುಸು ಹೆಚ್ಚು ಗೊಣಗಿತು. ಆದರೆ ಗೇರು ಬದಲಾದದ್ದು ಮಜ್ಜಿಗೆಗೂ ತಿಳಿಯಲಿಲ್ಲ.

"ಪೆಟ್ರೋಲ್ ಜಾಸ್ತಿ ಕುಡಿತೈತ್ರೀ ನಾಕರದ್ದು," ಎಂದ ವ್ಯಾಪಾರಿ, ಅಪರೂಪಕ್ಕೆ ಖರೆ ಹೇಳಿ.

"ಕುಡೀಲಿ. ತಲಿ ಅಲ್ಲಾಡಸೂದು ಮನ್ಯಾಗ ಈಗಾಗಲೇ ಒಂದೈತಿ," ಎಂದು ನನ್ನ ಕಡೆ ನೋಡಿ ಸುಮಿತ್ರಾ ನಾಲ್ಕರ ಕೀಲಿ ತೆಗೆದುಕೊಂಡಳು. ಬೀಳಗಿಯ ಗಿರಾಕಿಗೆ ಐದು ಉಳಿಯಿತು.

ಈಗ ಅವಳು ದಿನಾ ಬನಹಟ್ಟಿಗೆ ಕುಳಿತುಕೊಂಡೇ ಹೋಗಿ ಬರುತ್ತಾಳೆ. ರಾಜೀನಾಮೆಯ ಮಾತೇ ಇಲ್ಲ. ಓಣಿಯಲ್ಲಿ ಯಾರಾದರೂ ಕೇಳಿದರೆ, ಕೂಲಂಕಷ ಪರೀಕ್ಷೆಯ ನಂತರ ನಾನೇ ಆರಿಸಿದ್ದು ಎನ್ನುತ್ತೇನೆ. ಎಷ್ಟು ಗೇರು ಎಂದು ಕೇಳಿದರೆ ಮಾತ್ರ ಒಳಗೆ ಹೋಗಿ ಸುಮಿತ್ರಾಳನ್ನು ವಿಚಾರಿಸಿ ಬರುತ್ತೇನೆ.

ಇಬ್ಬರೂ ಕೂಡಿ ಹೊರಟಾಗ ನನ್ನ ಜಾಗ ಅವಳ ಪಕ್ಕದ ಸೀಟು. ಕುಳಿತ ಕೂಡಲೇ ತೊಡೆಯ ಮೇಲೆ ತುಂಬಿದ ತಂಬಿಗೆ ಬಂದು ಕೂಡುತ್ತದೆ. "ಹಿಡಕೊಂಡು ಸುಮ್ಮನ ಕುಂದರ್ರಿ. ಬಾಯೂ ಸುಮ್ಮನಿರ್ತೈತಿ" ಎಂಬುದು ಅವಳ ಆಜ್ಞೆ. ಅವಳು ಓಡಿಸಿದರೆ ಒಂದು ಹನಿ ತುಳುಕುವುದಿಲ್ಲ. ಆದರೆ ಎದುರಿಗೆ ಕಬ್ಬಿನ ಟ್ರಾಲಿ ಕಂಡರೆ, ಯಾವ ಪೆಡಲೂ ಇಲ್ಲದ ಆ ಜಾಗದಲ್ಲಿ ನನ್ನ ಎಡಗಾಲು ತಾನಾಗಿ ಕ್ಲಚ್ ತುಳಿಯುತ್ತದೆ.

ಪುರಾವೆ ಬೇಕೆ? ನನ್ನ ಪ್ಯಾಂಟು ನೋಡಿ!