ಚರ್ಚಿನಲ್ಲಿ ನಮ್ಮ ಅತ್ತೆಯ ಸೊಲ್ಲು

ಬೈಲಹೊಂಗಲದ ನಮ್ಮ ಸೋದರತ್ತೆಯ ಮುಂದೆ ಒಬ್ಬರೇ ಹಾಡಿ ಮುಗಿಸಿದವರು ಇನ್ನೂ ಹುಟ್ಟಿಲ್ಲ! ಯಾರೇ ಮೊದಲ ಸಾಲು ಹಾಡಲಿ, ಎರಡನೆಯದು ಇವರದೇ. ಮಠದ ಭಜನೆ ಬಿಡಿ, ಮಿಕ್ಸರಿನ ಜೊತೆಗೂ ದನಿ ಸೇರಿಸುತ್ತಾರೆ. ಹೊಸ ಮಿಕ್ಸರ್ ತಂದಾಗ ಕಿವಿಗೊಟ್ಟು ಕೇಳಿ, "ಶ್ರುತಿ ಭಾಳ ಮ್ಯಾಲಾತು, ಬದಲಿಸ್ಕೊಂಡು ಬಾ" ಎಂದು ನನ್ನನ್ನು ಅಂಗಡಿಗೆ ಅಟ್ಟಿದರು. ಅಂಗಡಿಯವನಿಗೆ ಏನೆಂದು ಹೇಳುವುದು? ಚಟ್ನಿ ಸಣ್ಣಗಾಗುವುದಿಲ್ಲ ಎಂದು ಸುಳ್ಳು ಹೇಳಿ ಬೈಸಿಕೊಂಡೆ.

ಇಂಥವರನ್ನು ಗೋವಾಕ್ಕೆ ಕರೆದೊಯ್ದ ಜಾಣ ನಾನು! ಸಮುದ್ರ ನೋಡಿ, "ಇಷ್ಟೆಲ್ಲಾ ನೀರು, ಒಂದ್ ತಂಬಗಿ ಕುಡೀಲಿಕ್ಕ ಬರಾಂಗಿಲ್ಲ" ಎಂದು ಬೆನ್ನು ತಿರುಗಿಸಿದರು. ಸರಿ, ಕ್ರೈಸ್ತ ಸನ್ಯಾಸಿಗಳ ಮಠದ ಹಳೆಯ ಚರ್ಚಿಗೆ ಹೋದೆವು. ಮೊಬೈಲಿನಲ್ಲಿ ಓದಿಕೊಂಡಿದ್ದೆನಲ್ಲ, ಜಂಬದಿಂದ ಶುರು ಮಾಡಿದೆ.

"ಅತ್ತಿ, ಇದಕ್ಕ ಬರೋಕ್ ಶೈಲಿ ಅಂತಾರ್ರಿ."

"ಹಂಗಂದ್ರ?"

"ಅಂದ್ರ... ಭಾಳ ಕೆತ್ತನಿ, ಭಾಳ ಬಂಗಾರ. ಒಂದಿಂಚೂ ಖಾಲಿ ಬಿಡೂದಿಲ್ರಿ."

"ನಿನ್ನ ಹೆಂಡ್ತಿ ಶೋಕೇಸ್ ಇದ್ದಂಗ!"

ನನ್ನ ವಿದ್ವತ್ತು ಅಲ್ಲಿಗೆ ಮುಗಿಯಿತು.

ಅಷ್ಟರಲ್ಲಿ ಸಂಜೆಯ ಪ್ರಾರ್ಥನೆ. ಸನ್ಯಾಸಿಗಳು ಎರಡು ಸಾಲಾಗಿ ಎದುರುಬದುರು ನಿಂತರು. ಒಬ್ಬ ಮುದುಕರು ಲ್ಯಾಟಿನ್ನಿನಲ್ಲಿ ಮೊದಲ ಸಾಲಿನ ಸೊಲ್ಲು ಎತ್ತಿಕೊಟ್ಟರು. ಈ ಕಡೆಯವರು ಹಾಡಿ ನಿಲ್ಲಿಸಿದ ಕೂಡಲೇ ಆ ಕಡೆಯವರು ಮುಂದಿನದನ್ನು ಹಿಡಿದರು. ಒಬ್ಬರು ಹಾಡಿ ಇನ್ನೊಬ್ಬರಿಗೆ ಜಾಗ ಬಿಡುವ ಹಾಡು! ಅತ್ತೆ ಬಿಟ್ಟಾರೆಯೇ?

"ಅತ್ತಿ, ಕೈ ಮುಗೀತೇನಿ, ಇಲ್ಲಿ ಬ್ಯಾಡ್ರಿ."

"ನಾ ಏನಂದೆ?" ಎಂದವರೇ ಮುಂದಿನ ಸರತಿಗೆ "ಆ..." ಎಂದು ದನಿ ಸೇರಿಸಿಯೇ ಬಿಟ್ಟರು. ಮುಂದಿನ ಬೆಂಚಿನವರು ತಿರುಗಿ ನೋಡಿದರು. ಇವರು ಯಾರೋ, ನಾನು ಯಾರೋ ಎಂಬಂತೆ ಛಾವಣಿ ನೋಡುತ್ತ ಕುಳಿತೆ. "ತಮ್ಮಾ, ನೀನೂ ಹಿಡಿ!" ಎಂದು ಮೊಣಕೈಯಿಂದ ತಿವಿದರು. ಹೋಯಿತು ಮಾನ!

ಮುಗಿದ ಮೇಲೆ ಆ ಮುದುಕ ಸನ್ಯಾಸಿ ನೇರ ನಮ್ಮತ್ತಲೇ ಬಂದರು. ಕ್ಷಮೆ ಕೇಳಲು ನಾನು ಇಂಗ್ಲಿಷ್ ಜೋಡಿಸುತ್ತಿರುವಾಗ ಅವರು ನಗುತ್ತ ಮರಾಠಿಯಲ್ಲಿ ಅತ್ತೆಯ ಊರು ಕೇಳಿದರು. ಅತ್ತೆ ಊರು ಹೇಳಿ, ಮರಾಠಿಯಲ್ಲೇ ಒಂದು ಪ್ರಶ್ನೆ ಹಾಕಿದರು: ಸೊಲ್ಲು ಎತ್ತುವವರೇ ಇಲ್ಲವಾದರೆ ಏನು ಮಾಡುತ್ತೀರಿ?

ಪಕ್ಕದಲ್ಲಿ ನಿಂತವರು ಎತ್ತುತ್ತಾರೆ, ದನಿ ಹೇಗೇ ಇರಲಿ ಎಂದರು ಸನ್ಯಾಸಿ.

ಹೊರಗೆ ಬಂದು ಅತ್ತೆ ಮೆಟ್ಟಿಲ ಮೇಲೆ ಕುಳಿತರು. ಆಮೇಲೆ ಸೆರಗು ಸರಿಮಾಡಿಕೊಳ್ಳುತ್ತ ಹೇಳಿದರು: "ದಿನಾ ಸಂಜೀಕ ನಿಮ್ಮ ಮಾಮಾ ಎತ್ತತಿದ್ರು, ನಾ ಹಿಡೀತಿದ್ದೆ. ಅವರು ಹೋದ ಮ್ಯಾಲ ಮೊದಲನೇ ಸೊಲ್ಲು ನನ್ನ ಬಾಯಿಗೆ ಬರವಲ್ತು ತಮ್ಮಾ. ಯಾರಾರ ಎತ್ತತಾರೇನು ಅಂತ ಕಿವಿ ಇಟ್ಕೊಂಡು ಕುಂದರ್ತೇನಿ."

ನನ್ನ ಹಾಡು ಕೇಳಿದರೆ ಹಾಲು ಕೊಡುವ ಎಮ್ಮೆಯೂ ಒದೆಯುತ್ತದೆ. ಆದರೂ ಪ್ರವಾಸಿಗಳು ಓಡಾಡುತ್ತಿದ್ದ ಆ ಮೆಟ್ಟಿಲ ಮೇಲೆ, ಮಾಮಾ ಹಾಡುತ್ತಿದ್ದ ಪದವೊಂದರ ಮೊದಲ ಸಾಲನ್ನು ಎತ್ತಿದೆ. ಶ್ರುತಿ ಎಲ್ಲೋ, ನಾನೆಲ್ಲೋ.

ಅತ್ತೆ ಕಣ್ಣು ಮುಚ್ಚಿಕೊಂಡು ಎರಡನೆಯ ಸಾಲು ಹಿಡಿದರು.