ಎಂಟು ಬೇಸಿಗೆಯ ಶಿರಾಜ್

ನಾನು ಕಾಲೇಜು ದಿನಗಳಿಂದ ದಿನಚರಿ ಬರೆಯುತ್ತಿದ್ದೇನೆ. ಬರೆಯುವ ಚಟ ಅಂತಲ್ಲ, ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ನೆನಪು ನಾವೇ ನೇಮಿಸಿಕೊಂಡ ವಕೀಲನಿದ್ದಂತೆ, ಎಲ್ಲ ಪ್ರಕರಣದಲ್ಲೂ ನಮ್ಮನ್ನೇ ಗೆಲ್ಲಿಸುತ್ತದೆ. ದಿನಚರಿ ಎದುರು ಮನೆಯವರಂತೆ; ಕಂಡದ್ದನ್ನು ಕಂಡಷ್ಟೇ ಹೇಳುತ್ತದೆ, ಅದೂ ಬೇಡದ ಹೊತ್ತಿನಲ್ಲಿ. ಆದ್ದರಿಂದ ನಮ್ಮ ಮನೆಯ ಶಿರಾಜ್ ಬಾಟಲಿಯ ವಿಷಯ ಹೇಳುವಾಗ ಇಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡಿದ್ದೇನೆ.

ಅದನ್ನು ತೊಂಬತ್ತೇಳರಲ್ಲಿ ಕೊಟ್ಟವರು ಇನಾಮದಾರ ಸಾಹೇಬರು. ಬೆಳಗಾವಿ ಕಡೆಯವರು, ಪುಣೆಯ ಪಂಪು ಕಾರ್ಖಾನೆಯಲ್ಲಿ ನನ್ನ ಮೇಲಧಿಕಾರಿ. ನಿವೃತ್ತಿಗೆ ಮೊದಲು ಕಂಪನಿಯ ಕೆಲಸಕ್ಕೆ ಆಸ್ಟ್ರೇಲಿಯಾಕ್ಕೆ ಹೋದವರು ಶಿರಾಜ್ ಎಂಬ ಒಂದೇ ಬಗೆಯ ಕೆಂಪು ವೈನಿನ ಎರಡು ಬಾಟಲಿ ತಂದಿದ್ದರು. ಒಂದನ್ನು ತಮ್ಮ ಮನೆಯಲ್ಲಿ ತೆರೆದು ನನಗೂ ಒಂದು ಗ್ಲಾಸು ಕೊಟ್ಟರು. ಮಸಿಯಂಥ ಕಪ್ಪುಗೆಂಪು. ಕರಿಮೆಣಸು, ನೇರಳೆ, ತೆಳ್ಳಗೆ ಹೊಗೆ, ಎಲ್ಲವನ್ನೂ ನಾನು ಆಗಲೇ ಗುರುತಿಸಿದೆನೆಂದು ನೆನಪು ಹೇಳುತ್ತದೆ. ದಿನಚರಿಯಲ್ಲಿರುವುದು ಇಷ್ಟೇ: ‘ಕಾಯಿ ನೇರಳೆ ತಿಂದಂತೆ ಒಗರು. ನಾಲಿಗೆ ಗೋಣಿತಟ್ಟಾಯಿತು. ಕರಿಮೆಣಸಿನ ವಾಸನೆ ಎಂದು ಸಾಹೇಬರು ಹೇಳಿದರು. ಹೌದೆಂದೆ.’

“ಇದು ಭಾಳ ಗಟ್ಟಿ ಆಳರೀ,” ಎಂದರು ಸಾಹೇಬರು. “ಈಗ ಬಾಯಾಗ ಹಾಕ್ಕೊಂಡ್ರ ಕುಸ್ತಿ ಆಡ್ತದ. ಎಂಟು ವರ್ಷ ಬಿಟ್ಟು ನೋಡ್ರಿ, ಕೂತು ಮಾತಾಡ್ತದ.” ಎರಡನೆಯ ಬಾಟಲಿಯನ್ನು ನನ್ನ ಕೈಗಿಟ್ಟರು. “ಕತ್ತಲದಾಗ ಮಲಗಸ್ರಿ, ಅಲುಗಾಡಸಬ್ಯಾಡ್ರಿ. ನನ್ನ ಮನ್ಯಾಗಿದ್ರ ನಾಳೇನ ಕುಡದ ಬಿಡ್ತೀನಿ. ನಿಮ್ಮ ಕೈಯಾಗ ಕೊಟ್ಟದ್ದು ಉಳಿತದ.”

ಇಡೀ ನೌಕರಿಯಲ್ಲಿ ನನಗೆ ಸಿಕ್ಕ ಒಂದೇ ಮೆಚ್ಚುಗೆ ಪತ್ರವೆಂದರೆ ಆ ಕೊನೆಯ ಮಾತು. ಅದನ್ನು ಎಂಟು ವರ್ಷ ಎದೆಯ ಮೇಲೆ ಪದಕದಂತೆ ತೂಗಿಸಿಕೊಂಡು ತಿರುಗಿದೆ.

ಪುಣೆಯ ಧನಕವಡಿಯ ನಮ್ಮ ಮೂರನೇ ಮಹಡಿಯ ಮನೆಯಲ್ಲಿ ಧಾರವಾಡದಿಂದ ಬಂದ ಅತ್ತೆ, ನನ್ನ ಹೆಂಡತಿಯ ತಾಯಿ, ನಮ್ಮೊಂದಿಗಿದ್ದರು. ದೇವರ ಪೂಜೆ ತಪ್ಪಿಸದವರು. ಅವರೆದುರು ಹೆಂಡದ ಬಾಟಲಿ ಹಿಡಿದು ನಿಂತ ನನಗೆ ಧೈರ್ಯ ಸಾಲಲಿಲ್ಲ. “ದ್ರಾಕ್ಷಿ ರಸ ಅತ್ತಿಯವರ, ಔಷಧದ್ದು. ಎಂಟು ವರ್ಷ ಮಾಗಬೇಕು,” ಎಂದೆ. ಅವರು ಬಾಟಲಿಯನ್ನು ನೋಡಿದರು, ನನ್ನನ್ನು ನೋಡಿದರು. “ಆತ್ರಿ,” ಎಂದರು. ಬಾಟಲಿ ಮಂಚದ ಕೆಳಗಿನ ಟ್ರಂಕಿನಲ್ಲಿ ಸ್ವೆಟರುಗಳ ನಡುವೆ ಮಲಗಿತು.

ಆಮೇಲೆ ತಿಂಗಳಿಗೊಮ್ಮೆ, ತೊಟ್ಟಿಲ ಕೂಸನ್ನು ನೋಡುವಂತೆ, ಹೋಗಿ ನೋಡುತ್ತಿದ್ದೆ ಎನ್ನುತ್ತದೆ ನೆನಪು. ದಿನಚರಿಯಲ್ಲಿ ನೀರಿನ ಟ್ಯಾಂಕರಿನ ಜಗಳವಿದೆ, ಸ್ಕೂಟರಿನ ಕ್ಲಚ್ ವೈರ್ ನಾಲ್ಕು ಸಲ ತುಂಡಾದದ್ದಿದೆ. ಬಾಟಲಿಯ ಸುದ್ದಿ ಒಮ್ಮೆಯೂ ಇಲ್ಲ. ಕಾರ್ಖಾನೆಯಲ್ಲಿ ಮಾತ್ರ, ಊಟದ ಡಬ್ಬಿ ಬಿಚ್ಚಿದಾಗಲೆಲ್ಲ, ಕಾಯುವುದೂ ಒಂದು ಕಲೆ ಎಂದು ಕಿರಿಯರಿಗೆ ಬೋಧಿಸುತ್ತಿದ್ದೆ.

ಎಂಟು ವರ್ಷ ತುಂಬಿದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಸಾಹೇಬರು ನೋಯುವ ಮೊಣಕಾಲಿನಲ್ಲಿ ಮೂರು ಮಹಡಿ ಹತ್ತಿ ಬಂದರು. ಕುಡಿಯುವುದನ್ನು ಡಾಕ್ಟರು ಬಿಡಿಸಿದ್ದರು. ಇದಕ್ಕಾಗಿ ಹಟ ಹಿಡಿದು ಒಂದೇ ಒಂದು ಗ್ಲಾಸಿಗೆ ಒಪ್ಪಿಗೆ ತಂದಿದ್ದರು. ನಾನು ಬಿರಡೆ ತೆಗೆದು ಸುರಿದೆ. ಗ್ಲಾಸಿನ ಅಂಚಿನಲ್ಲಿ ಇಟ್ಟಿಗೆಯ ಬಣ್ಣ. ಅವರು ಮೆಲ್ಲಗೆ ತಿರುಗಿಸಿದರು, ಮೂಸಿದರು, ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಕಣ್ಣು ಮುಚ್ಚಿದರು. ನಾನು ಪದಕ ಸರಿಮಾಡಿಕೊಂಡು ಕೂತೆ.

“ಎಲ್ಲಿ ಇಟ್ಟಿದ್ರಿ ಇದನ್ನ?”

“ಕತ್ತಲದಾಗ, ಸಾಹೇಬ್ರ. ಎಂಟು ವರ್ಷ ಒಂದು ಬೆರಳಷ್ಟೂ ಅಲುಗಿಲ್ಲ.”

ಅವಲಕ್ಕಿ ಚೂಡಾದ ತಟ್ಟೆ ಹಿಡಿದು ಬರುತ್ತಿದ್ದ ಅತ್ತೆ ಬಾಗಿಲಲ್ಲೇ ನಿಂತರು. “ಏನಂದ್ರಿ? ಅಲುಗಿಲ್ಲ? ಹಂಗಾರ ನಾ ಮಾಡಿದ್ದೆಲ್ಲಾ ನೀರಾಗ ಹೋತೇನು? ಪ್ರತಿ ಬ್ಯಾಸಿಗ್ಯಾಗ ಮಾವಿನಕಾಯಿ ಭರಣಿ ಜೋಡಿ ಗಚ್ಚಿ ಮ್ಯಾಲೆ ಎಂಟು ದಿನ ಬಿಸಲಾಗ ಇಟ್ಟೀನಿ. ಮುಂಜಾನೆ, ಸಂಜಿಗೆ ಛಲೋತ್ನಾಗಿ ಅಲ್ಲಾಡಿಸೀನಿ. ನೀವು ಆಫೀಸಿನಿಂದ ಬರೂದ್ರೊಳಗ ವರಸಿ ಮಲಗಿಸೀನಿ. ಮಾಗೂದಂದ್ರ ತನ್ನಷ್ಟಕ್ಕ ತಾನ ಮಾಗ್ತದೇನ್ರೀ?”

“ಅತ್ತಿಯವರ, ಅದು ದ್ರಾಕ್ಷಿ ರಸ ಅಲ್ಲ...”

“ಗೊತ್ತದರೀ. ರಸಕ್ಕ ಯಾರು ಇಷ್ಟು ಸಂಭ್ರಮ ಮಾಡ್ತಾರ? ಶೆರೆ ಆದ್ರೂ ಅಳಿಯಂದಿರು ಇಟ್ಟದ್ದು, ಕೆಡಬಾರದು ಅಂತ...” ಅವರ ದನಿ ಇಳಿಯಿತು. ಸಾಹೇಬರ ಗ್ಲಾಸನ್ನೇ ನೋಡಿದರು. “ಕೆಟ್ಟದೇನ್ರೀ?”

ಸಾಹೇಬರು ತಮಗೆ ದಕ್ಕಿದ ಆ ಒಂದೇ ಗ್ಲಾಸನ್ನು ಬೆಳಕಿಗೆ ಹಿಡಿದರು. ಸುಳ್ಳು ಹೇಳುವ ಜನವಲ್ಲ ಅವರು.

“ಬೆಂದದರೀ ಅವ್ವಾರ,” ಎಂದರು. “ಕರಿಮೆಣಸು, ನೇರಳೆ ಏನೂ ಉಳಿದಿಲ್ಲ. ಒಣದ್ರಾಕ್ಷಿ ಅದ, ಹಳೇ ಬೆಲ್ಲ ಅದ, ಹುಣಸಿಹಣ್ಣು ಅದ. ಪಾಪ, ಎಂಟು ವರ್ಷದಾಗ ನನ್ನಷ್ಟು ಮುದುಕ ಆಗೇದ.” ಮತ್ತೆ ಒಂದು ಗುಟುಕು ಕುಡಿದರು. “ಇದರ ಜೋಡಿ ಬಿಸಲಾಗ ಕೂತಿತ್ತಲ್ಲ, ಆ ಉಪ್ಪಿನಕಾಯಿ ಅದಯೇನು? ತರ್ರಿ.”

ಉಪ್ಪಿನಕಾಯಿ ನೆಕ್ಕುತ್ತ ಅವರು ಗ್ಲಾಸು ಖಾಲಿ ಮಾಡಿದರು. ಸಾಸಿವೆ ಹುರಿದು ಹಾಕಬೇಕೋ ಹಸಿಯೋ ಎಂದು ಇಬ್ಬರೂ ಒಂದು ತಾಸು ವಾದಿಸಿದರು. ನನ್ನ ಕಡೆ ಯಾರೂ ನೋಡಲಿಲ್ಲ.

ಮುಂದಿನ ತಿಂಗಳು ಸಾಹೇಬರಿಂದ ಇನ್ನೊಂದು ಶಿರಾಜ್ ಬಂತು, ನಾಸಿಕದ್ದು. ಅತ್ತೆಯ ಹೆಸರಿಗೆ. ‘ಈ ಸಲ ಬಿಸಿಲು ಬೇಡ’ ಎಂಬ ಚೀಟಿ ಬಾಟಲಿಯ ಕತ್ತಿಗೆ ಕಟ್ಟಿತ್ತು. ಅತ್ತೆ ಅದನ್ನು ತಮ್ಮ ಕಪಾಟಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಮಲಗಿಸಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. “ಅಳಿಯಂದ್ರ ಕಡೆ ಬ್ಯಾಡ. ಅವರಿಗೆ ನೆನಪಿರೂದಿಲ್ಲ,” ಎಂದು ಮಗಳಿಗೆ ಹೇಳಿದ್ದು ನನಗೂ ಕೇಳಿಸಿತು. ಆಕ್ಷೇಪಿಸಲು ದಿನಚರಿಯಲ್ಲಿ ಪುರಾವೆ ಇರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದನ್ನು ಮುಚ್ಚಿಡುವುದು ಸರಿಯಲ್ಲ. ಆ ಬೆಂದ ಶಿರಾಜ್‌ನಲ್ಲಿ ಉಳಿದದ್ದನ್ನು ಮೂರು ದಿನ ನಾನೊಬ್ಬನೇ ಕುಡಿದೆ. ಅದು ನನಗೆ ಬಹಳ ಹಿಡಿಸಿತು. ಯಾರೂ ಹೇಳಿಕೊಡದೆ ಒಂದು ವೈನಿನ ರುಚಿ ನನಗೆ ತಿಳಿದದ್ದು ಅದೇ ಮೊದಲು. ದಿನಚರಿಯಲ್ಲಿ ಒಂದೂವರೆ ಪುಟ ಇದೆ. ಅಂದಿನಿಂದ ಪ್ರತಿ ಏಪ್ರಿಲ್‌ನಲ್ಲಿ ಅತ್ತೆ ಭರಣಿ ಹೊತ್ತು ಗಚ್ಚಿಯ ಮೆಟ್ಟಿಲು ಹತ್ತುವುದನ್ನು ನೋಡುತ್ತೇನೆ. ಆ ನಾಸಿಕದ ಬಾಟಲಿಗೂ ಒಂದೆರಡು ದಿನ ಬಿಸಿಲು ತೋರಿಸಿ ಎನ್ನಲು ಬಾಯಿ ತೆರೆಯುತ್ತೇನೆ. ಅವರು ತಿರುಗಿ, “ಏನ್ರೀ?” ಎನ್ನುತ್ತಾರೆ. “ಏನಿಲ್ರೀ, ಭರಣಿ ಭಾರ ಆದ್ರ ನಾ ಹಿಡೀತೀನಿ,” ಎನ್ನುತ್ತೇನೆ.