ಇಂಜಿನ್ನಿನ ಕುಲಗೋತ್ರ

ಹೊಸನಗರದಲ್ಲಿ ಗ್ಯಾರೇಜ್ ಇಟ್ಟವನಿಗೆ ನಗಲು ಬೇರೇನೂ ಬೇಡ. ಬಾನೆಟ್ ಎತ್ತಿದರೆ ಸಾಕು, ಏನಾದರೊಂದು ನಡೆದೇ ನಡೆಯುತ್ತದೆ. ನನ್ನ ಪಾಲಿಗೆ ಬಹುಪಾಲು ನಡೆದದ್ದು ಪೇಟೆಯ ಜವಳಿ ಅಂಗಡಿ ಯಜಮಾನರಿಂದ. ಒಂದೇ ಕಂಪನಿಯ ಕಾರುಗಳನ್ನು ಒಂದಾದ ಮೇಲೊಂದು ಕೊಂಡವರು. ಕಂಪನಿ ಇಂಜಿನ್ ಬದಲಿಸಿದಾಗಲೆಲ್ಲ ನನಗೆ ದಿಗಿಲು: ಇವರೆಲ್ಲಿ ಶಿವಮೊಗ್ಗದ ಸರ್ವಿಸ್ ಸೆಂಟರಿಗೆ ಹೋಗಿಬಿಡುತ್ತಾರೋ ಎಂದು. ಅವರು ಹೋದರೆ ಪೇಟೆಗೆ ಪೇಟೆಯೇ ಅವರ ಹಿಂದೆ ಹೋಗುತ್ತದೆ.

೧. ಮನೆತನ

ಮೊದಲ ಡೀಸೆಲ್ ಕಾರು ಕೊಳ್ಳುವ ಮುಂಚೆ ನನ್ನ ಬಳಿ ಬಂದು ಕುಳಿತರು.

"ಮೇಸ್ತ್ರಿ, ಈ ಇಂಜಿನ್ ಯಾವ ಊರಿಂದು?"

"ನಕ್ಷೆ ಹೊರದೇಶದ್ದು ಯಜಮಾನ್ರೇ. ಕಂಪನಿಯವ್ರು ಅಲ್ಲಿಂದ ತಂದು ಇಲ್ಲೇ ತಯಾರು ಮಾಡ್ತಾರೆ."

"ಅಂದ್ರೆ ಮಾವನ ಮನೇಲಿ ಹುಟ್ಟಿ ಇಲ್ಲಿ ಬೆಳೆದದ್ದು. ಅಣ್ಣ ತಮ್ಮ ಎಷ್ಟು ಜನ?"

ಇದೇ ಇಂಜಿನ್ನನ್ನು ಒಂದು ಜೀಪಿಗೂ ಒಂದು ವ್ಯಾನಿಗೂ ಹಾಕಿದ್ದಾರೆ, ಎರಡೂ ಮಾಸ್ತಿಕಟ್ಟೆ ಘಾಟಿಯನ್ನು ಸಲೀಸಾಗಿ ಹತ್ತುತ್ತವೆ ಎಂದೆ. ಯಜಮಾನರು ಪಂಚೆ ಕೊಡವಿ ಎದ್ದರು.

"ಮನೆತನ ಅಡ್ಡಿಲ್ಲ. ಇನ್ನು ಹೋಗಿ ಹೆಣ್ಣು ನೋಡ್ಬಹುದು" ಎಂದು ಶೋರೂಮಿಗೆ ಹೊರಟರು.

೨. ಟರ್ಬೊ

ಕಂಪನಿ ಅದೇ ಇಂಜಿನ್ನಿಗೆ ಬಲ ಹೆಚ್ಚಿಸುವ ಟರ್ಬೊ ಸೇರಿಸಿತು. ಯಜಮಾನರು ಅದನ್ನೂ ಕೊಂಡರು. ದೂರ ಓಡಿಸಿದ ಮೇಲೆ ತಕ್ಷಣ ಆಫ್ ಮಾಡಬೇಡಿ, ಟರ್ಬೊ ತಣಿಯಲು ಒಂದು ನಿಮಿಷ ಬಿಡಿ ಎಂದು ನಾನೇ ಹೇಳಿದ್ದೆ. ನನ್ನ ಒಂದು ನಿಮಿಷ ಅವರಲ್ಲಿ ಹತ್ತು ನಿಮಿಷವಾಗಿತ್ತು.

ಒಮ್ಮೆ ತೀರ್ಥಹಳ್ಳಿಯಲ್ಲಿ, ಸೊಸೆಯ ತವರಿನ ಅಂಗಳದಲ್ಲಿ ಕಾರು ನಿಂತಿದೆ, ಇಂಜಿನ್ ಓಡುತ್ತಿದೆ, ಇವರು ಇಳಿಯುತ್ತಿಲ್ಲ. ಕಾಲಿಗೆ ನೀರು ಹಿಡಿದು ನಿಂತಿದ್ದ ಬೀಗರಿಗೆ ಗಾಬರಿ. ಕೊನೆಗೆ ಕಿಟಕಿಗೆ ಬಂದು ಕೈ ಮುಗಿದರಂತೆ. "ಮದುವೇಲಿ ನಿಮ್ಮನ್ನ ಎರಡನೇ ಪಂಕ್ತಿಗೆ ಕೂರಿಸಿದ್ದು ನಮ್ದೇ ತಪ್ಪು. ಮನಸ್ಸಲ್ಲಿಟ್ಕೋಬೇಡಿ, ಇಳೀರಿ."

ಯಜಮಾನರು ಇದನ್ನು ನನಗೆ ಬೇಜಾರಿನಿಂದಲೇ ಹೇಳಿದರು. "ಅದು ಎರಡನೇ ಪಂಕ್ತಿ ಅಂತ ನಂಗೆ ಅಲ್ಲೀವರೆಗೆ ಗೊತ್ತೇ ಇರ್ಲಿಲ್ಲ ಮೇಸ್ತ್ರಿ."

೩. ಮೂರು ಸಿಲಿಂಡರ್

ಮುಂದೆ ಕಂಪನಿ ಡೀಸೆಲ್ ಬಿಟ್ಟು ಸಣ್ಣ ಪೆಟ್ರೋಲ್ ಇಂಜಿನ್ ತಂದಿತು. ನಾಲ್ಕರ ಬದಲು ಮೂರೇ ಸಿಲಿಂಡರ್.

"ನಾಲ್ಕರ ಕೆಲಸ ಮೂರು ಮಾಡ್ತದಾ?"

"ಮಾಡ್ತದೆ. ಖರ್ಚೂ ಕಮ್ಮಿ" ಎಂದೆ.

ಇದನ್ನವರು ಅಂಗಡಿಯಲ್ಲಿ ಹೇಳಿರಬೇಕು. ಆ ವಾರವಿಡೀ ಅವರ ನಾಲ್ಕೂ ಸೇಲ್ಸ್‌ಮನ್‌ಗಳು ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿರುತ್ತಿದ್ದರು.

೪. ಹೈಬ್ರಿಡ್

ಈಗ ಬಂದಿರುವುದು ಹೈಬ್ರಿಡ್. ಸಿಗಂದೂರಿಗೆ ಹೋಗಿ ಪೂಜೆ ಮಾಡಿಸಿಕೊಂಡು, ಹೂವಿನ ಹಾರದ ಸಮೇತ ನೇರ ಗ್ಯಾರೇಜಿಗೆ ತಂದರು. ಜೊತೆಗೆ ಸಾಗರದ ಅಳಿಯ. "ಮಾವ, ಇದು ಕಂಪ್ಯೂಟರ್ ಇರೋ ಗಾಡಿ. ಶಿವಮೊಗ್ಗಕ್ಕೇ ಬಿಡೋದು ಒಳ್ಳೇದು" ಎಂದ ಆ ಅಳಿಯ, ನನ್ನೆದುರಿಗೇ.

ನನಗೆ ರೇಗಿತು. ಮೂವತ್ತು ವರ್ಷ ಈ ಕಂಪನಿಯ ಇಂಜಿನ್ ಬಿಚ್ಚಿದವನು ನಾನು. "ಸ್ಟಾರ್ಟ್ ಮಾಡಿ ಯಜಮಾನ್ರೇ" ಎಂದೆ. ಅವರು ಬಟನ್ ಒತ್ತಿದರು, ದೀಪಗಳು ಹತ್ತಿದವು. ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಇಂಜಿನ್ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿದೆ. ನನ್ನ ಗುರುಗಳು ಹೇಳಿಕೊಟ್ಟ ಪರೀಕ್ಷೆ ಅದು. ಹೊಸ ಗಾಡಿ ನೋಡಲು ಸುತ್ತ ಸೇರಿದ್ದ ಏಳೆಂಟು ಜನ ಕತ್ತು ಚಾಚಿದರು.

"ವಾಲ್ವ್ ಸದ್ದಿಲ್ಲ, ಬೇರಿಂಗ್ ಸದ್ದಿಲ್ಲ. ಇಷ್ಟು ನಯವಾಗಿ ಓಡೋ ಇಂಜಿನ್ ನಾನು ಈವರೆಗೆ ಕೇಳಿಲ್ಲ" ಎಂದೆ.

ಅಳಿಯ ಕೆಮ್ಮಿದ. "ಇಂಜಿನ್ ಓಡ್ತಾ ಇಲ್ಲ. ಗಾಡಿ ಈಗ ಬ್ಯಾಟರಿ ಮೇಲಿದೆ."

ಸುತ್ತಲಿನವರು ಬೇರೆ ಬೇರೆ ಕಡೆ ನೋಡತೊಡಗಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಯಜಮಾನರು ಮಾತ್ರ ನಿಧಾನಕ್ಕೆ ಜೇಬಿನಿಂದ ಕೀ ತೆಗೆದು ನನ್ನ ಕೈಯಲ್ಲಿಟ್ಟರು.

"ಶಿವಮೊಗ್ಗದವ್ರು ಓಡೋ ಇಂಜಿನ್ನಿಗೂ ನೂರು ತಪ್ಪು ಹುಡುಕ್ತಾರೆ. ಇವರು ನಿಂತಿರೋದನ್ನೂ ಹೊಗಳ್ತಾರೆ" ಎಂದರು ಅಳಿಯನಿಗೆ. "ಸರ್ವಿಸ್ ಇಲ್ಲೇ."